ದೊಡ್ಡಪ್ಪ ಕ್ರೋಶಾ ಕಲಿತದ್ದು

ನಮ್ಮ ದೊಡ್ಡಪ್ಪನ ಪ್ರಕಾರ ಈ ಲೋಕದಲ್ಲಿ ನೆಟ್ಟಗಿದ್ದದ್ದು ಒಂದೇ ಒಂದು. ಅದು ಸ್ವತಃ ದೊಡ್ಡಪ್ಪ! ಉಳಿದದ್ದೆಲ್ಲ ಸೊಟ್ಟ. ಅವ್ವ ಹುಯ್ದ ದೋಸೆ ಸೊಟ್ಟ, ಅಪ್ಪಾಜಿ ಗೋಡೆಗೆ ಹೊಡೆದ ಮೊಳೆ ಸೊಟ್ಟ, ನಾನು ತೆಗೆದ ಬೈತಲೆಯಂತೂ ಸೊಟ್ಟಕ್ಕೇ ಸೊಟ್ಟ. ಮೂವತ್ತು ವರ್ಷ ಸೊರಬದ ಕಡೆ ಸರ್ವೇಯರ್ ಆಗಿ, ಕಂಡವರ ಹೊಲ ಗದ್ದೆಗಳ ಮೇಲೆ ಕಬ್ಬಿಣದ ಸರಪಳಿ ಎಳೆಸಿ ಎಳೆಸಿ, ಪೆನ್ಷನ್ ಆದ ಮೇಲೆ ಶಿಕಾರಿಪುರದ ನಮ್ಮ ಮನೆಗೆ ಬಂದು ನೆಲೆಸಿದ್ದರು. ಬರುವಾಗ ಒಂದು ಟ್ರಂಕು, ಒಂದು ಕೊಡೆ, ಜೊತೆಗೆ ಸೊರಬದ ‘ಎಂತದು ಮಾರಾಯ್ತಿ’ಯನ್ನೂ ತಂದಿದ್ದರು.

ಮದುವೆ ಆಗಿರಲಿಲ್ಲ. ಹರೆಯದಲ್ಲಿ ಒಮ್ಮೆ ಹೆಣ್ಣು ನೋಡಲು ಹೋಗಿದ್ದರಂತೆ. ಉಪ್ಪಿಟ್ಟು ತಿಂದು, ಹುಡುಗಿಯನ್ನು ನೋಡುವುದು ಬಿಟ್ಟು ಗೋಡೆಯನ್ನೇ ನೋಡುತ್ತ ಕೂತು, “ನಿಮ್ಮನೆ ಮೂಲೆ ಮೂಲೆಮಟ್ಟಕ್ಕೆ ಕೂರಲ್ವಲ್ರೀ!” ಎಂದರಂತೆ. ಹುಡುಗಿಯ ಅಪ್ಪ ಬಾಗಿಲು ತೋರಿಸಿದರಂತೆ. “ಆ ಬಾಗಿಲೂ ವಾಲಿತ್ತು” ಎಂದು ದೊಡ್ಡಪ್ಪ ಅರವತ್ತರ ಹತ್ತಿರವೂ ಹೇಳುತ್ತಿದ್ದರು!

ಇಂಥವರು ಕ್ರೋಶಾ ಕಲಿತರು ಎಂದರೆ ನೀವು ನಂಬುತ್ತೀರಾ? ಕಣ್ಣಾರೆ ಕಾಣದಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ನಯಾ ಪೈಸೆ ಬಂದ ಹೊಸತು. ನನಗೆ ಹದಿಮೂರು. ನಮ್ಮೂರಿನ ಹೆಣ್ಣುಮಕ್ಕಳಿಗೆಲ್ಲ ಕ್ರೋಶಾ ಹುಚ್ಚು ಹಿಡಿದಿತ್ತು. ಆಸ್ಪತ್ರೆಯ ಕಾಂಪೌಂಡರ ಹೆಂಡತಿ ತಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಕಲಿಸುತ್ತಿದ್ದರು. ಅವರನ್ನು ಊರೆಲ್ಲ ಟೀಚರಮ್ಮ ಎನ್ನುತ್ತಿತ್ತು. ಕೊಕ್ಕೆಯ ಕಡ್ಡಿಯಿಂದ ದಾರವನ್ನು ಒಂದರೊಳಗಿಂದ ಒಂದು ಎಳೆಯುತ್ತ ಹೋದರೆ ಸರಪಳಿ. ಆ ಸರಪಳಿಯ ಮೇಲೆ ದಾರ ಸುತ್ತಿ ಸುತ್ತಿ ನಿಲ್ಲಿಸಿದರೆ ಕಂಬ. ಕ್ರೋಶಾ ಎಂದರೆ ಇಷ್ಟೇ, ಕೇಳುವುದಕ್ಕೆ! ನಮ್ಮಕ್ಕ ಎರಡೇ ತಿಂಗಳಲ್ಲಿ ದಿಂಬಿನ ಅಂಚು, ರವಿಕೆಯ ಲೇಸು ಎಲ್ಲ ಹಾಕಿ ಮುಗಿಸಿದ್ದಳು. ನಾನು ಮಾತ್ರ ಒಂದು ಟೀಪಾಯಿ ಬಟ್ಟೆಯಲ್ಲೇ ಇದ್ದೆ. ಅರವತ್ತು ಸರಪಳಿಯಿಂದ ಹೊರಟ ಆ ಬಟ್ಟೆ ಮೇಲೆ ಹೋದಂತೆಲ್ಲ ಕಿರಿದಾಗುತ್ತ ಗೋಪುರದ ಆಕಾರ ತಾಳಿತ್ತು.

ಒಂದು ದಿನ ದೊಡ್ಡಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಎಂತದೇ ಇದು?”

“ಟೀಪಾಯಿ ಬಟ್ಟೆ, ದೊಡ್ಡಪ್ಪ.”

ಅವರು ಕನ್ನಡಕ ಏರಿಸಿ, ಉಗುರಿನಿಂದ ಒಂದೊಂದೇ ಕಂಬ ಎಣಿಸಿದರು. “ತಳದಲ್ಲಿ ಅರವತ್ತು, ತಲೇಲಿ ಮೂವತ್ತೆಂಟು! ಎರಡೂ ಕಡೆಯಿಂದ ಒತ್ತುವರಿ ಆಗ್ಯದಲ್ಲೇ ಮಾರಾಯ್ತಿ!”

“ಯಾರು ಒತ್ತುವರಿ ಮಾಡ್ತಾರೆ? ಹಾಕಿದೋಳು ನಾನೊಬ್ಬಳೇ.”

“ಅದೇ ಕಷ್ಟ. ಹೊರಗಿನವರು ಮಾಡಿದ್ರೆ ನೋಟೀಸು ಕೊಡಬಹುದು.”

ಅಷ್ಟಕ್ಕೇ ಬಿಟ್ಟರೇ? ತಪ್ಪು ಎಲ್ಲಾಗಿದೆ ಎಂದು ಪತ್ತೆ ಮಾಡಲು ತಾವೇ ಕ್ರೋಶಾ ಕಲಿಯುತ್ತೇನೆಂದು ಘೋಷಿಸಿದರು. ಪೇಪರಿನಿಂದ ತಲೆ ಎತ್ತಿದ ಅಪ್ಪಾಜಿಗೆ ಅದನ್ನು ಮತ್ತೆ ತಗ್ಗಿಸಲು ಬಹಳ ಹೊತ್ತು ಹಿಡಿಯಿತು.

ಮೊದಲು ಕಡ್ಡಿ ಬೇಕಲ್ಲ? ಅಂಗಡಿಯ ಕಡ್ಡಿ ಸೊಟ್ಟವಂತೆ! ತಮ್ಮ ಕೊಡೆಯಿಂದ ಒಂದು ತಂತಿ ಕಿತ್ತು, ಅರ ಹಿಡಿದು ಉಜ್ಜಲು ಕೂತರು. ಅವ್ವ ಕಂಗಾಲು.

“ಭಾವಾರೆ, ಕೊಡೆ ಯಾಕ್ರೀ ಹಾಳು ಮಾಡ್ತೀರಿ?”

“ಕೊಡೆಗೆ ಎಂಟು ಕಡ್ಡಿ ಅದಾವೆ. ಏಳು ಸಾಕು.”

ಮೊದಲನೆಯದು ಮುರಿಯಿತು. ಏಳು ಹೋಗಿ ಆರು ಸಾಕಾಯಿತು. ಮೂರನೆಯದಕ್ಕೆ ಒಳ್ಳೆಯ ಕೊಕ್ಕೆ ಬಂತು, ಐದು ಸಾಕಾಯಿತು. ಮಳೆಗಾಲದಲ್ಲಿ ಆ ಕೊಡೆ ಬಿಚ್ಚಿದರೆ ಒಂದು ಪಕ್ಕ ಜೋತುಬಿದ್ದು ರೆಕ್ಕೆ ಮುರಿದ ಹದ್ದಿನ ಹಾಗೆ ಕಾಣುತ್ತಿತ್ತು. ಅದರಡಿಯಲ್ಲಿ ಅರ್ಧ ನೆನೆಯುತ್ತ ಅವರು ಕೆರೆ ಏರಿಯ ಮೇಲೆ ಗಂಭೀರವಾಗಿ ನಡೆದು ಹೋಗುತ್ತಿದ್ದರು.

ಕಡ್ಡಿ ಸಿದ್ಧವಾದೊಡನೆ ನನ್ನ ಹಿಂದೆಯೇ ಟೀಚರಮ್ಮನ ಮನೆಗೆ ಬಂದರು. ನನಗೋ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಹೆಣ್ಣುಮಕ್ಕಳು ಕೂರೋ ಜಾಗ ಸಾಹೇಬ್ರೇ. ಗಂಡಸರಿಗೆ ಹೇಳಿಕೊಟ್ಟು ನನಗೆ ರೂಢಿ ಇಲ್ಲ” ಎಂದು ಟೀಚರಮ್ಮ ಖಡಾಖಂಡಿತ ಹೇಳಿಬಿಟ್ಟರು.

ದೊಡ್ಡಪ್ಪ ಹೊರಗೆ ಹೋಗಿ, ಕಿಟಕಿಯ ಕೆಳಗಿನ ಜಗಲಿಯ ಮೇಲೆ ಕೂತು, ಸರ್ವೆಯ ಹಳೆಯ ಪುಸ್ತಕ ತೆರೆದು, ಒಳಗಿನಿಂದ ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳತೊಡಗಿದರು. ಒಂದು ದಿನವಲ್ಲ, ಒಂದು ವಾರ! ಎಂಟನೆಯ ದಿನ ಟೀಚರಮ್ಮ ನಮಗೊಂದು ಪ್ರಶ್ನೆ ಹಾಕಿದರು.

“ಸಾಲು ತಿರುಗಿಸಿದ ಮೇಲೆ ಮೊದಲನೇ ಕಂಬದ ಬದಲಿಗೆ ಏನು ಹಾಕ್ಬೇಕು?”

ಹನ್ನೊಂದು ಹುಡುಗಿಯರೂ ಕೈಯಲ್ಲಿದ್ದ ಕಡ್ಡಿಯನ್ನೇ ನೋಡತೊಡಗಿದೆವು. ಆಗ ಕಿಟಕಿಯ ಸರಳುಗಳ ಆಚೆಯಿಂದ ಧ್ವನಿ ಬಂತು.

“ಮೂರು ಸರಪಳಿ ರೀ! ಅದನ್ನ ಒಂದು ಕಂಬ ಅಂತ ಲೆಕ್ಕ ಇಡ್ಬೇಕು. ನಮ್ಮ ಹುಡುಗಿ ಇಡಲ್ಲ. ಅದಕ್ಕೇ ಒತ್ತುವರಿ!”

ಟೀಚರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಕಿಟಕಿಯ ಬಳಿ ಹೋಗಿ, “ಒಳಗೆ ಬರ್ರಿ ಸಾಹೇಬ್ರೇ. ಆದ್ರೆ ನಮ್ಮನೆ ಗೋಡೆ ಬಗ್ಗೆ ಒಂದು ಮಾತೂ ಆಡಕೂಡ್ದು” ಎಂದರು. ದೊಡ್ಡಪ್ಪನ ಖ್ಯಾತಿ ಅಲ್ಲಿಯವರೆಗೆ ಮುಟ್ಟಿತ್ತು!

ಮೊದಲ ಹದಿನೈದು ದಿನ ಅವರು ಬರೀ ಸರಪಳಿ ಹಾಕಿದರು. ಟೀಚರಮ್ಮ ಕಂಬಕ್ಕೆ ಹೋಗೋಣವೆಂದರೂ ಕೇಳರು. ಸರಿಯಾಗಿ ಮೂವತ್ತಮೂರು ಅಡಿ, ಅಂದರೆ ಸರ್ವೆ ಸರಪಳಿಯ ಉದ್ದ ಆದ ಮೇಲೆಯೇ ನಿಲ್ಲಿಸಿದ್ದು. ಮನೆಗೆ ತಂದವರೇ ಅದರಿಂದ ನಮ್ಮ ಹಿತ್ತಲು ಅಳೆದರು. ಕಾಗದದಲ್ಲಿ ಇದ್ದುದಕ್ಕಿಂತ ಒಂದು ಮೊಳ ಕಡಿಮೆ! ಪಕ್ಕದ ಮನೆಯ ಗೌಡರು ಬೇಲಿ ಸರಿಸಿದ್ದಾರೆಂದು ಹೋಗಿ ಜಗಳವಾಡಿ ಬಂದರು. ಅಳತೆ ಮಾಡಿ ಮಣ್ಣಾಗಿದ್ದ ದಾರವನ್ನು ಅವ್ವ ಪಾಪ, ಬಿಸಿನೀರಿನಲ್ಲಿ ಒಗೆದು ಹಾಕಿದಳು. ದಾರ ಕುಗ್ಗಿತು. ಮರುದಿನ ಮತ್ತೆ ಅಳೆದರೆ ಹಿತ್ತಲು ಒಂದು ಮೊಳ ಜಾಸ್ತಿ! ಹಾಗಾದರೆ ಒತ್ತುವರಿ ಮಾಡಿದವರು ನಾವೇ ಎಂದು ದೊಡ್ಡಪ್ಪ ಹೋಗಿ ಕೈಮುಗಿದು ತಪ್ಪೊಪ್ಪಿಕೊಂಡರು. ಗೌಡರು ಎತ್ತು ಹೊಡೆಯುತ್ತ, “ಸಾಹೇಬ್ರೇ, ಅದನ್ನ ಇನ್ನೊಂದ್ಸಲ ಒಗೀಬ್ಯಾಡ್ರೀ. ನಂಗೆ ದಿನಾ ಪಂಚಾಯ್ತಿಗೆ ಕೂರಾಕೆ ಪುರುಸೊತ್ತಿಲ್ಲ” ಎಂದರಂತೆ!

ಕಂಬ ಬಂತು. ಅರೆಗಂಬ, ಜೋಡಿಗಂಬ ಬಂದವು. ದುಂಡನೆಯ ಬಟ್ಟೆ ಹಾಕುವಾಗ ಪ್ರತಿ ಸುತ್ತಿಗೂ ಕಂಬ ಹೆಚ್ಚಿಸಬೇಕು. ದೊಡ್ಡಪ್ಪ ಹೆಚ್ಚಿಸಲು ಒಪ್ಪಲಿಲ್ಲ. “ಹಿಂದಿನ ಸುತ್ತಲ್ಲಿ ಇಲ್ಲದ ಕಂಬ ಈ ಸುತ್ತಿಗೆ ಎಲ್ಲಿಂದ ಬರ್ತದೆ?” ಎಂಬುದು ಅವರ ತಕರಾರು. ಬಟ್ಟೆ ಬೋಗುಣಿಯಂತೆ ಮಡಚಿಕೊಂಡು ಟೊಪ್ಪಿಗೆಯಾಯಿತು. ಅಪ್ಪಾಜಿಯ ಬೋಳು ತಲೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಪ್ಪಾಜಿ ಒಲ್ಲೆನೆಂದಿದ್ದಕ್ಕೆ ಅವ್ವ ಹಾಲಿನ ಪಾತ್ರೆಗೆ ಮುಚ್ಚಿದಳು. ಮರುವಾರ ದೊಡ್ಡಪ್ಪ ಹೆಚ್ಚಿಸುವುದನ್ನು ಕಲಿತರು. ಈಗ ಹೆಚ್ಚಿಸಿದ್ದು ವಿಪರೀತವಾಗಿ, ಬಟ್ಟೆ ಎಲೆಕೋಸಿನ ಹಾಗೆ ನಿರಿಗೆ ನಿರಿಗೆಯಾಗಿ ಎದ್ದು ನಿಂತಿತು. ಅಂತೂ ಕೈ ಪಳಗಿದ ಮೇಲೆ ಮನೆಯಲ್ಲಿ ಮೈ ಮುಚ್ಚಿಕೊಳ್ಳದ ವಸ್ತುವೇ ಉಳಿಯಲಿಲ್ಲ. ಗಡಿಯಾರಕ್ಕೆ ಅಂಗಿ, ಲಾಟೀನಿಗೆ ಕುಲಾವಿ, ಉಪ್ಪಿನಕಾಯಿ ಭರಣಿಗೆ ಲಂಗ! ಒಂದು ದಿನ ರುಬ್ಬುಗುಂಡಿನ ಸುತ್ತಳತೆ ತೆಗೆಯುತ್ತಿದ್ದುದನ್ನು ಕಂಡು ಅವ್ವ, “ಅದಕ್ಕೊಂದು ಬ್ಯಾಡ್ರೀ ಭಾವಾರೆ, ಅದಕ್ಕೆ ಚಳಿ ಆಗಲ್ಲ” ಎಂದು ಕೈಮುಗಿದಳು. ಪ್ರತಿಯೊಂದನ್ನೂ ಮನೆಗೆ ಬಂದವರಿಗೆಲ್ಲ ತೋರಿಸಿ, ಯಾವ ಸಾಲಿನಲ್ಲಿ ಎಷ್ಟು ಕಂಬ ಎಂದು ವಿವರಿಸದೆ ಕಾಫಿ ಕುಡಿಯಲು ಬಿಡುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಅನಾನಸು. ಕಮಾನುಗಳನ್ನು ಕಟ್ಟುತ್ತ, ಸಾಲಿಗೊಂದರಂತೆ ಇಳಿಸುತ್ತ, ದಾರದಲ್ಲೇ ಅನಾನಸು ಹಣ್ಣಿನ ಆಕಾರ ತರಬೇಕು. ಕ್ರೋಶಾದಲ್ಲಿ ಅದು ದೊಡ್ಡ ವಿದ್ಯೆ. ದೊಡ್ಡಪ್ಪನ ಅನಾನಸು ಒಮ್ಮೆ ಹಾಗಲಕಾಯಿಯಾಯಿತು, ಒಮ್ಮೆ ಗಜ್ಜರಿಯಾಯಿತು. “ಬಿಡ್ರೀ ಸಾಹೇಬ್ರೇ, ಇದು ಗಂಡಸರ ಬೆರಳಿಗೆ ಒಲಿಯೋದಲ್ಲ” ಎಂದರು ಟೀಚರಮ್ಮ. ದೊಡ್ಡಪ್ಪ ಪಾಠಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಆದರೆ ತಿಂಗಳಿಗೊಮ್ಮೆ, ಹದಿನೈದು ದಿನಕ್ಕೊಮ್ಮೆ ಚೀಲ ಹಿಡಿದು ಸೊರಬದ ಬಸ್ಸು ಹತ್ತತೊಡಗಿದರು. ಕೇಳಿದರೆ, “ಹಳೇ ಕಚೇರಿ ಕೆಲಸ.”

ದಸರಾ ರಜೆಯಲ್ಲಿ ಹಟ ಮಾಡಿ ನಾನೂ ಹೊರಟೆ. ಬಸ್ಸಿನಲ್ಲಿ ಕೂತವರೇ ದೊಡ್ಡಪ್ಪ ಚೀಲದಿಂದ ಕಡ್ಡಿ ತೆಗೆದರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ದಾರದ ಉಂಡೆ ಉರುಳಿ ಸೀಟುಗಳ ಅಡಿಗೆ ಹೋಗಿ, ಇಳಿಯುತ್ತಿದ್ದ ತೊಗರ್ಸಿಯ ಅಜ್ಜಿಯೊಬ್ಬರ ಬುಟ್ಟಿಗೆ ಸಿಕ್ಕಿಕೊಂಡಿತು. ಅಜ್ಜಿ ತಮ್ಮ ಪಾಡಿಗೆ ಸಂತೆಯ ಕಡೆ ನಡೆದರು. ದಾರ ಬಿಚ್ಚಿಕೊಳ್ಳುತ್ತ ಹೋಯಿತು.

“ಹಿಡೀರಿ ಆ ಅಜ್ಜೀನ! ನನ್ನ ಅನಾನಸು!” ಎಂದು ದೊಡ್ಡಪ್ಪ ಕೂಗಿದರು.

“ಅನಾನಸು ಎಲ್ಲೈತೋ, ನನ್ನ ಬುಟ್ಟೀಲಿ ಇರೋದು ಬದನೇಕಾಯಿ!” ಎಂದು ಅಜ್ಜಿ ತಿರುಗಿ ನಿಂತರು. ಇಡೀ ಬಸ್ಸು ಇಳಿದು ದಾರ ಸುತ್ತಿಕೊಟ್ಟಿತು. ಕಂಡಕ್ಟರು ಸೀಟಿ ಊದಿ, “ಎಲ್ಲಾರೂ ಹತ್ರೀ. ದಾರ ಮೊದ್ಲು ಹತ್ಲಿ” ಎಂದ.

ನಗುತ್ತಲೇ ಸೊರಬದಲ್ಲಿ ಇಳಿದೆ. ದೊಡ್ಡಪ್ಪ ಕಚೇರಿಯ ಕಡೆ ತಿರುಗಲೇ ಇಲ್ಲ. ನೇರ ಹೋದದ್ದು ಅತ್ತೆಯ ಮನೆಗೆ.

ಅತ್ತೆ ಎಂದರೆ ದೊಡ್ಡಪ್ಪನಿಗೂ ಅಪ್ಪಾಜಿಗೂ ಒಬ್ಬಳೇ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಮೈದುನನ ದೊಡ್ಡ ಸಂಸಾರದಲ್ಲಿ ಉಳಿದವರು. ನಮ್ಮ ಬಳಗದಲ್ಲಿ ಯಾವ ಹೆಣ್ಣುಮಗಳ ಮದುವೆಯಾದರೂ ಅತ್ತೆಯ ಕೈಯ ಕ್ರೋಶಾ ಪರದೆ ಉಡುಗೊರೆಯಾಗಿ ಬರಲೇಬೇಕು. ಮದುಮಗಳ ಸೀರೆ ನೋಡಿ ಮುಗಿಸಿದ ಹೆಂಗಸರು, “ಸೊರಬದ ಪರದೆ ಬಂತಾ?” ಎಂದೇ ಕೇಳುತ್ತಿದ್ದರು. ಹಸೆಯ ಹತ್ತಿರ ಬರಲು ಅತ್ತೆಯೇ ಹಿಂಜರಿಯುತ್ತಿದ್ದರು. ಅವರ ಪರದೆ ಮಾತ್ರ ಎಲ್ಲರ ಮನೆಯ ಮುಂಬಾಗಿಲಲ್ಲಿರುತ್ತಿತ್ತು. ಈಗ ನಮ್ಮಕ್ಕನ ಮದುವೆ ಗೊತ್ತಾಗಿತ್ತು.

ಅತ್ತೆ ನನಗೆ ನೀರು ತಂದುಕೊಟ್ಟರು. ತಂಬಿಗೆ ಲೋಟಕ್ಕೆ ತಗುಲಿ ಟಕಟಕ ಸದ್ದಾಯಿತು. ನೀರು ನನ್ನ ಲಂಗದ ಮೇಲೆ ಚೆಲ್ಲಿತು. ಅವರ ಎರಡೂ ಕೈ ನಡುಗುತ್ತಿದ್ದವು, ನಿಲ್ಲದೆ. ನಾನು ನೋಡಿದ್ದನ್ನು ಕಂಡು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಎರಡು ವರ್ಷ ಆತು ಕೂಸೇ. ಇಲ್ಲಿ ಯಾರಿಗೂ ಹೇಳಿಲ್ಲ.”

ದೊಡ್ಡಪ್ಪ ಬಾಗಿಲು ಮುಂದೆ ಮಾಡಿ, ಚೀಲದ ತಳದಿಂದ ಬಿಳಿಯ ಪರದೆಯೊಂದನ್ನು ತೆಗೆದು ಹರಡಿದರು. ಮೇಲಿನ ಮೂರು ಸಾಲು ಅನಾನಸು ಅತ್ತೆಯವು. ಅದರ ಕೆಳಗಿನ ಒಂಬತ್ತು ಸಾಲು ದೊಡ್ಡಪ್ಪನವು. ಎಲ್ಲಿ ಒಂದು ಕೈ ಮುಗಿದು ಇನ್ನೊಂದು ಕೈ ಶುರುವಾಯಿತೆಂದು ಅವರೇ ಬೆರಳಿಟ್ಟು ತೋರಿಸಬೇಕಾಯಿತು. ಪೆನ್ಷನ್ನಿನ ವರ್ಷವೇ ಅವರು ತಂಗಿಯ ಕೈ ಕಂಡಿದ್ದರು. ಅರ್ಧ ನಿಂತ ಪರದೆಯನ್ನು ಆಕೆ ಪೆಟ್ಟಿಗೆಯಲ್ಲಿ ಅಡಗಿಸುವುದನ್ನೂ ಕಂಡಿದ್ದರು. ಅದಕ್ಕೇ ಶಿಕಾರಿಪುರಕ್ಕೆ ಬಂದು ಕಡ್ಡಿ ಹಿಡಿದದ್ದು. ನನ್ನ ಟೀಪಾಯಿ ಬಟ್ಟೆ ಒಂದು ನೆಪ.

“ಅಣ್ಣಾ, ಎಡಗಡೆ ನಾಲ್ಕನೇ ಅನಾನಸಲ್ಲಿ ಒಂದು ಕಮಾನು ತಪ್ಪಿದೆ. ಬಿಚ್ಚು” ಎಂದರು ಅತ್ತೆ.

ಜೀವಮಾನದಲ್ಲಿ ತಮ್ಮ ಕೈಕೆಲಸ ಸೊಟ್ಟ ಎಂದು ಒಪ್ಪದಿದ್ದ ಮನುಷ್ಯ ಅಲ್ಲಿಯವರೆಗೂ ಬಿಚ್ಚಿದರು. ಆಕೆ ಹೇಳುತ್ತ ಹೋದರು, ಇವರು ಹಾಕುತ್ತ ಹೋದರು. ನಾನು ದಾರ ಹಿಡಿದು ಕೂತೆ.

ತಿರುಗಿ ಬರುವಾಗ ದೊಡ್ಡಪ್ಪ, “ಮನೇಲಿ ಬಾಯಿ ಬಿಡ್ಬೇಡ” ಎಂದರು.

“ಯಾಕೆ ದೊಡ್ಡಪ್ಪ? ಒಂಬತ್ತು ಸಾಲು ನೀವೇ ಹಾಕಿದ್ದಲ್ವಾ?”

“ಸರ್ವೆ ಮಾಡಿದೋಳು ಅವಳು. ನಾನು ಬರೇ ಸರಪಳಿ ಹಿಡಿಯೋ ಆಳು.”

ಅಕ್ಕನ ಮದುವೆಯ ದಿನ ಪರದೆಯನ್ನು ನಡುಮನೆಯ ಬಾಗಿಲಿಗೆ ಕಟ್ಟಿದರು. ಹೆಂಗಸರೆಲ್ಲ ಮುತ್ತಿಕೊಂಡರು. ಅತ್ತೆಯನ್ನು ಒತ್ತಾಯ ಮಾಡಿ ಕರೆತಂದು ಎಲ್ಲರ ನಡುವೆ ಬೆಂಚಿನ ಮೇಲೆ ಕೂರಿಸಿದರು. ಪಕ್ಕದಲ್ಲೇ ದೊಡ್ಡಪ್ಪ. ಟೀಚರಮ್ಮ ಪರದೆಯ ಅಂಚು ಹಿಡಿದು, ತಿರುವಿ ನೋಡಿ, ಕಣ್ಣರಳಿಸಿ, ದೊಡ್ಡಪ್ಪನ ಕಡೆ ತಿರುಗಿದರು.

“ನೋಡ್ರೀ ಸಾಹೇಬ್ರೇ, ಕೈ ಅಂದ್ರೆ ಇದು! ನೀವು ಇನ್ನು ಹತ್ತು ವರ್ಷ ಕಲಿತ್ರೂ ಇಂಥಾ ಒಂದು ಅನಾನಸು ಬರೂದಿಲ್ಲ ನಿಮಗೆ.”

ಎಲ್ಲರೂ ನಕ್ಕರು. ನಾನು ಹಲ್ಲು ಕಚ್ಚಿಕೊಂಡು ದೊಡ್ಡಪ್ಪನ ಮುಖ ನೋಡಿದೆ.

“ಹೌದ್ರೀ” ಎಂದರು ಅವರು. “ನನ್ನ ಕೈಲಿ ಎಲ್ಲಾಗ್ತದೆ? ಅವಳ ಕೈಯೇ ಬೇರೆ.”

ಯಾರೋ ಮುದುಕಿ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇನೆಂದು ಮುಂದೆ ಬಂದಳು. ಅತ್ತೆಯ ಮುಖ ಬಿಳಚಿಕೊಂಡಿತು. ಅಷ್ಟರಲ್ಲಿ ದೊಡ್ಡಪ್ಪ ತಂಗಿಯ ಎರಡೂ ಕೈಗಳನ್ನು ತಮ್ಮ ಕೈಗಳೊಳಗೆ ತೆಗೆದುಕೊಂಡು, ತೊಡೆಯ ಮೇಲಿಟ್ಟು ಗಟ್ಟಿಯಾಗಿ ಮುಚ್ಚಿದರು. “ಬ್ಯಾಡವ್ವ, ದಣಿದಾಳೆ” ಎಂದರು. ಊಟಕ್ಕೆ ಎಲೆ ಹಾಕಿ ಕರೆಯುವವರೆಗೂ ಆ ಕೈಗಳನ್ನು ಬಿಡಲಿಲ್ಲ.