ಮೌನಪ್ಪನವರು ಹೊತ್ತ ಬೆಂಕಿ

ಎಲ್ಲಕ್ಕೂ ಮೂಲ ಒಂದು ಬೆಂಕಿಕಡ್ಡಿ. ಅದನ್ನು ಗೀರಿದ್ದರೆ ಏನೂ ಆಗುತ್ತಿರಲಿಲ್ಲ. ಗೀರಬಾರದು ಎಂದದ್ದಕ್ಕೇ ಇಷ್ಟೆಲ್ಲ ಆಯಿತು.

ತೆಲುಗು ಸೀಮೆಯ ಕುಷಾಯಿಗೂಡದ ಕನ್ನಡ ಸಂಘದವರು ಜೂನ್ ತಿಂಗಳ ಒಲಿಂಪಿಕ್ ದಿನಕ್ಕೆ ಹಿರಿಯರ ಆಟೋಟ ಇಟ್ಟುಕೊಂಡಿದ್ದರು. ನಿಂಬೆಹಣ್ಣು-ಚಮಚ, ಸಂಗೀತ ಕುರ್ಚಿ, ಅರವತ್ತು ದಾಟಿದವರಿಗೆ ಐವತ್ತು ಮೀಟರ್ ನಡಿಗೆ. ಅಧ್ಯಕ್ಷ ಸೂರ್ಯನಾರಾಯಣರು ಸಭೆಯಲ್ಲಿ, "ಮೈದಾನದಾಗ ಒಂದು ದೀಪ ಇಡೋಣ, ಕಡ್ಡಿ ಗೀರಿ ಹಚ್ಚೋಣ, ಮುಗೀತು" ಎಂದರು. ಆಗ ಹಿಂದಿನ ಸಾಲಿನಿಂದ ಮೌನಪ್ಪನವರು ಎದ್ದು ನಿಂತರು.

ಸಭೆಯೇ ತಿರುಗಿ ನೋಡಿತು. ಮೌನಪ್ಪನವರು ಮೂವತ್ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ 'ಸರಿ', 'ತಪ್ಪು' ಎಂಬ ಎರಡು ಮೊಹರು ಒತ್ತಿ ನಿವೃತ್ತರಾದವರು. ಮೂರನೆಯ ಮಾತನ್ನು ಸಭೆಯಲ್ಲಿ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಈಗ ಸಂಘದ ಓದುವ ಖೋಲಿಯೇ ಅವರ ಲೋಕ. ತಗಡಿನ ಚಾವಣಿ, ಒಂದು ಮೇಜು, ಒಂದು ಫ್ಯಾನು, ಮುನ್ನೂರು ಪುಸ್ತಕ, ಒಂದು ದಿನ ತಡವಾಗಿ ಬರುವ ಕನ್ನಡ ಪತ್ರಿಕೆ. ಬೆಳಿಗ್ಗೆ ಪೂಜೆ ಮುಗಿಸಿ ಅಲ್ಲಿ ಹೋಗಿ ಕೂತರೆ ಅವರ ಮುಖ ಗುಡಿಯ ಕಟ್ಟೆಯ ಮೇಲೆ ಕೂತವರ ಮುಖದಂತೆ ತಣ್ಣಗಾಗುತ್ತಿತ್ತು.

"ಕಡ್ಡಿ ಗೀರಬಾರದ್ರಿ" ಎಂದರು ಮೌನಪ್ಪನವರು. "ಗ್ರೀಸ್ ದೇಶದಾಗ ಒಲಿಂಪಿಯಾ ಅಂತ ಒಂದು ಕ್ಷೇತ್ರ ಐತ್ರಿ. ಅಲ್ಲೊಂದು ದೇವಿ ಗುಡಿ. ಗುಡಿ ಮುಂದ ಕನ್ನಡಿ ಹಿಡದು ಸೂರ್ಯದೇವರ ಕಡೆಯಿಂದ ಬೆಂಕಿ ತಗೋತಾರ."

"ಹೂಂ" ಎಂದರು ಎಂಬತ್ತು ದಾಟಿದ ಯಮುನಾಬಾಯಿ. ಪುರಾಣ ಕೇಳಿ ಬೆಳೆದ ಜೀವ. ಯಾರು ಕತೆ ಶುರುಮಾಡಿದರೂ ಅವರ ಬಾಯಿಂದ ಹೂಂಕಾರ ತಾನಾಗಿ ಹೊರಡುತ್ತಿತ್ತು.

ಆ ಹೂಂಕಾರ ಹಿಡಿದುಕೊಂಡು ಮೌನಪ್ಪನವರು ಸರಾಗವಾಗಿ ಹೇಳುತ್ತ ಹೋದರು. ಸಾವಿರ ವರ್ಷ ನಡೆದ ಆಟ. ಆಟದ ಕಾಲಕ್ಕೆ ರಾಜರು ಕತ್ತಿ ಕೆಳಗಿಡುತ್ತಿದ್ದರು. ಗೆದ್ದವನಿಗೆ ಎಲೆಯ ಕಿರೀಟವಷ್ಟೇ. ಆಮೇಲೆ ಒಬ್ಬ ಚಕ್ರವರ್ತಿ ಬೇಡವೆಂದ, ಹದಿನೈದು ನೂರು ವರ್ಷ ಆಟವೇ ಇಲ್ಲ. ಮತ್ತೆ ಅಥೆನ್ಸಿನಲ್ಲಿ ಹುಟ್ಟಿತು. ಮಹಾಯುದ್ಧಗಳಿಗೆ ಮೂರು ಸಲ ನಿಂತಿತು. ಮೊನ್ನೆ ಸಾಂಕ್ರಾಮಿಕದ ವರ್ಷ ಟೋಕಿಯೋದಲ್ಲಿ ಖಾಲಿ ಕುರ್ಚಿಗಳ ಮುಂದೆಯೂ ಜ್ಯೋತಿ ಉರಿಯಿತು.

"ಒಮ್ಮೆ ಕೆನಡಾ ದೇಶದ ಮಾಂಟ್ರಿಯಲ್‌ದಾಗ ಮಳಿ ಬಂದು ಜ್ಯೋತಿ ಆರೇ ಹೋತು. ಪಾಪ, ಒಬ್ಬ ನೌಕರ ಸಿಗರೇಟ್ ಲೈಟರ್ ತಗದು ಹಚ್ಚಿಬಿಟ್ಟ. ದೊಡ್ಡವರಿಗೆ ಗೊತ್ತಾತು. ಅದು ನಡೆಯಂಗಿಲ್ಲ ಅಂತ ಮತ್ತ ಶಾಂತ ಮಾಡಿ, ಕಾದಿಟ್ಟಿದ್ದ ಮೂಲ ಬೆಂಕಿಯಿಂದನ ಹಚ್ಚಿದ್ರು. ಬೆಂಕಿಗೂ ಒಂದು ಕುಲ ಇರ್ತೈತ್ರಿ. ನಮಗೆ ಹನುಮಪ್ಪನ ಗುಡಿ ನಂದಾದೀಪ ಐತಿ. ಅಲ್ಲಿಂದ ತರೋಣ."

"ಎರಡು ಕಿಲೋಮೀಟರ್ ಐತಿ. ಯಾರು ತರ್ತಾರ?" ಎಂದ ನರಸಿಂಹ.

ನರಸಿಂಹನಿಗೆ ಕೇರಂ ಹುಚ್ಚು. ಓದುವ ಖೋಲಿ ಕೇರಂ ಬೋರ್ಡಿಗೆ ಸಿಗಬೇಕೆಂದು ಎರಡು ವರ್ಷದಿಂದ ಅರ್ಜಿ ಹಾಕುತ್ತಿದ್ದವನು. ಈಗ ಅವನ ಕಣ್ಣು ಹೊಳೆಯಿತು.

"ನೀವೇ ತರ್ರಿ ಮೌನಪ್ಪೋರೇ. ನಡುವ ಆರಿದ್ರ ಖೋಲಿ ಕೇರಂಗೆ ಬಿಡಬೇಕು. ಆರದ ಬಂತು ಅಂದ್ರ ನಾ ಜನ್ಮದಾಗ ಆ ಖೋಲಿ ಕೇಳಂಗಿಲ್ಲ. ಒಪ್ಪಿಗಿನಾ?"

ಮೌನಪ್ಪನವರು ಒಮ್ಮೆ ಖೋಲಿಯ ಬಾಗಿಲ ಕಡೆ ನೋಡಿದರು. ಆದರೆ ಹನುಮಪ್ಪನ ಹೆಸರು ಬಾಯಿಂದ ಬಿದ್ದಾಗಿತ್ತು. "ಒಪ್ಪಿಗಿ" ಎಂದರು.

ಭಾನುವಾರ ಮುಂಜಾನೆ ತಣ್ಣೀರು ಮೈಮೇಲೆ ಸುರಿದುಕೊಂಡು, ಒದ್ದೆ ತಲೆಯಲ್ಲೇ ಬಿಳಿ ಧೋತರ ಉಟ್ಟು, ಹೆಗಲಿಗೆ ಬಿಳಿ ವಸ್ತ್ರ ಹಾಕಿಕೊಂಡು, ಬರಿಗಾಲಲ್ಲಿ ಗುಡಿಗೆ ನಡೆದರು. ಹೆಂಡತಿ ಗಂಗಾಬಾಯಿ ಬಾಗಿಲಲ್ಲಿ ನಿಂತು, "ಲಗೂ ಬರ್ರಿ, ಉಪ್ಪಿಟ್ಟು ಆರ್ತೈತಿ" ಎಂದಳು. ಗಂಡ ಎಲ್ಲಿಗೆ ಹೋದರೂ ಅವಳು ಹೇಳುತ್ತಿದ್ದ ಮಾತು ಇದೇ.

ಅರ್ಚಕರು ನಂದಾದೀಪದಿಂದ ಬತ್ತಿ ಹೊತ್ತಿಸಿ ಕೊಟ್ಟರು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಪಂಜು ನೋಡಲು ಭವ್ಯವಾಗಿತ್ತು, ಆದರೆ ನೂರು ಹೆಜ್ಜೆಗೆ ಹಿಡಿಯೇ ರೊಟ್ಟಿ ಹಂಚಿನಂತೆ ಕಾದಿತು. ಮೌನಪ್ಪನವರು ಈ ಕೈ ಆ ಕೈ ಬದಲಿಸುತ್ತ ಕುಣಿಯುವುದನ್ನು ನೋಡಿ, ರಸ್ತೆ ಬದಿಯ ಕುಂಬಾರ ಒಂದು ಹೊಸ ಮಣ್ಣಿನ ಗಡಿಗೆ ತಂದುಕೊಟ್ಟ. ತಳದಲ್ಲಿ ಮರಳು ಹಾಕಿ, ಮೇಲೆ ಹಣತೆಯಿಟ್ಟು, ಅದಕ್ಕೆ ಜ್ಯೋತಿ ಇಳಿಸಿದರು. ಕೈ ಸುಡದಿರಲೆಂದು ಗಡಿಗೆಯ ಕೊರಳಿಗೆ ಮೂರು ಎಳೆ ಹಗ್ಗ ಕಟ್ಟಿ ತೂಗುಹಾಕಿದರು. ಹಿಂದೆ ಸೂರ್ಯನಾರಾಯಣರು ಮತ್ತು ಸಂಘದ ಆರು ಮಂದಿ ಬಿಳಿ ಅಂಗಿಯಲ್ಲಿ, ಜ್ಯೋತಿಯ ಗೌರವಕ್ಕೆಂದು ತಲೆ ತಗ್ಗಿಸಿ, ಮಾತಿಲ್ಲದೆ ನಡೆದರು. ಎಲ್ಲರ ಹಿಂದೆ ಸಾಕ್ಷಿಗೆಂದು ನರಸಿಂಹ ಸ್ಕೂಟರಿನಲ್ಲಿ.

ಹೀಗೆ ಒದ್ದೆ ತಲೆಯ ಒಬ್ಬ ಮನುಷ್ಯ ಬರಿಗಾಲಲ್ಲಿ, ಹಗ್ಗ ಕಟ್ಟಿದ ಗಡಿಗೆಯಲ್ಲಿ ಬೆಂಕಿ ತೂಗಿಸಿಕೊಂಡು ಮುಂದೆ ನಡೆದರೆ, ಹಿಂದೆ ಬಿಳಿ ಬಟ್ಟೆಯವರು ತಲೆ ತಗ್ಗಿಸಿ ಬಂದರೆ, ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅದು ಸಂಘದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲು ಒಬ್ಬ ಆಟೋದವನು ಹಾರ್ನ್ ನಿಲ್ಲಿಸಿದ. ಇಸ್ತ್ರಿ ಅಂಗಡಿಯವನು ಚಪ್ಪಲಿ ಬಿಟ್ಟು ಕೈಮುಗಿದ. ಬಸ್ಸು ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಮೌನಪ್ಪನವರ ಕಣ್ಣು ತೇವವಾಯಿತು. 'ಓದಿದ್ದು ಖರೇ ಐತಿ, ಜ್ಯೋತಿ ಬಂದ್ರ ರಾಜರೂ ಕತ್ತಿ ಇಳಸ್ತಾರ' ಎಂದುಕೊಂಡರು.

ಚಹಾದಂಗಡಿಯ ಮುಂದೆ ಹಲಗೆಯಂಥ ಡಪ್ಪು ಬಾರಿಸುವವರು ಮೂವರು ಕೂತಿದ್ದರು. ಒಬ್ಬ ಎದ್ದು ಬಂದು ಮೆಲ್ಲಗೆ ಕೇಳಿದ: "ಎವರು ಪೋಯಿಂಡ್ರು ಸಾರ್?"

ಯಾರು ಹೋದರೆಂಬ ಪ್ರಶ್ನೆ ಮೌನಪ್ಪನವರಿಗೆ ಅರ್ಥವಾಯಿತು, ಸಂದರ್ಭ ಅರ್ಥವಾಗಲಿಲ್ಲ. "ಎವ್ವರೂ ಪೋಲೇದು" ಎಂದರು ಶಾಂತವಾಗಿ. ಯಾರೂ ಹೋಗಿಲ್ಲ.

"ಪಾಪಂ" ಎಂದ ಅವನು ಗೆಳೆಯರತ್ತ ತಿರುಗಿ. ದುಃಖಕ್ಕೆ ಮನಸ್ಸು ಕದಡಿದೆ ಎಂದು ಮೂವರಿಗೂ ಖಾತ್ರಿಯಾಯಿತು. ಯಾರೂ ಕರೆಯದಿದ್ದರೂ ಡಪ್ಪು ಹೆಗಲಿಗೇರಿಸಿ, ಸಾವಿನ ಮೆರವಣಿಗೆಯ ಬಡಿತ ಬಾರಿಸುತ್ತ ಮುಂದೆ ನಡೆದರು. ಯಾರೋ ಒಬ್ಬ ಮುದುಕಿ ಮನೆಯಿಂದ ಮಂಡಕ್ಕಿ ತಂದು ದಾರಿಯ ಮೇಲೆ ಚೆಲ್ಲಿದಳು.

ಸೂರ್ಯನಾರಾಯಣರಿಗೆ ಆಗ ಹೊಳೆಯಿತು, ದಾಪುಗಾಲಿಟ್ಟು ಮುಂದೆ ಬಂದರು. "ಮೌನಪ್ಪೋರೇ, ಮಂದಿ ತಪ್ಪು ತಿಳಕೊಳ್ಳಾಕತ್ತಾರ. ನಿಲ್ರಿ, ತಿಳಿಸಿ ಹೇಳೋಣ."

"ನಿಂತ್ರ ಗಾಳಿ ಬಡೀತೈತ್ರಿ. ನಡೀರಿ" ಎಂದರು ಮೌನಪ್ಪನವರು. ಅವರ ಕಣ್ಣು ಹಣತೆಯ ಮೇಲಿತ್ತು. ಹಣತೆಯಲ್ಲಿ ಅವರ ಖೋಲಿಯಿತ್ತು.

ಅಷ್ಟರಲ್ಲಿ ಎದುರಿನಿಂದ ಚೇತನಕುಮಾರ ಬಂದ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನವನು, ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು. ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಬಳಿಗೆ ಓಡಿ ಬಂದ.

"ಗಂಗಾಬಾಯಿ ವೈನಿಯವ್ರಾ?"

"ಅಯ್ಯ, ಇಲ್ಲೋ ಮಾರಾಯ. ನಿಮ್ಮ ವೈನಿ ಮನ್ಯಾಗ ಉಪ್ಪಿಟ್ಟು ಮಾಡಾಕತ್ತಾಳ."

ಚೇತನಕುಮಾರನ ಕಣ್ಣಿಂದ ನೀರು ದಳದಳ ಇಳಿಯಿತು. "ಹಂಗ ಅನಸ್ತೈತಿ ಮೌನಪ್ಪ. ನಮ್ಮವ್ವ ಹೋದಾಗ ನನಗೂ ಎಂಟು ದಿನ ಅಡಗಿಮನ್ಯಾಗ ಸಪ್ಪಳ ಕೇಳಸ್ತಿತ್ತು."

ಅವನು ಮೂಗೊರೆಸುತ್ತ ಹೂವಿನಂಗಡಿ ಕಡೆ ಹೋದ.

ನಾಲ್ಕು ರಸ್ತೆ ಕೂಡುವಲ್ಲಿ ಗಾಳಿ ಕಾದು ಕೂತಿತ್ತು. ಜೂನ್ ತಿಂಗಳ ಧೂಳುಗಾಳಿ. ಬಂದದ್ದೇ ಬಂದದ್ದು, ಹೆಗಲ ವಸ್ತ್ರ ಹಾರಿ ತಲೆಗೆ ಸುತ್ತಿಕೊಂಡಿತು. ಗಡಿಗೆಯೊಳಗೆ ಜ್ಯೋತಿ ಬಗ್ಗಿತು, ಎದ್ದಿತು, ಕುಗ್ಗಿ ಸಾಸಿವೆಯಷ್ಟು ನೀಲಿಯಾಯಿತು. ನರಸಿಂಹ ಸ್ಕೂಟರ್ ನಿಲ್ಲಿಸಿ ಕತ್ತು ಚಾಚಿದ. ಮೌನಪ್ಪನವರು ರಸ್ತೆ ನಡುವೆ ಮಂಡಿಯೂರಿ, ಗಡಿಗೆಯನ್ನು ಎದೆಗೊತ್ತಿ, "ಹನುಮಪ್ಪಾ, ನಾ ಏನೂ ಗೆದ್ದವಲ್ಲ, ಇದೊಂದು ಉಳಸು" ಎಂದರು.

ಅದನ್ನು ಕಂಡು ಡಪ್ಪಿನವರು ಬಡಿತ ನಿಲ್ಲಿಸಿದರು. ಕೊಳ್ಳಿ ಬೆಂಕಿ ನಡುದಾರಿಯಲ್ಲಿ ಆರಬಾರದು, ಸತ್ತವರಿಗೆ ದಾರಿ ಕಾಣುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮೂವರೂ ಸುತ್ತ ಕೂತು, ಮೊರದಷ್ಟಗಲದ ಡಪ್ಪುಗಳನ್ನು ಗಡಿಗೆಗೆ ಅಡ್ಡ ಹಿಡಿದರು. ಇಸ್ತ್ರಿಯವನು ಬಂದ, ಆಟೋದವನು ಬಂದ. ಯಾರು ಸತ್ತರೆಂದು ಯಾರಿಗೂ ಗೊತ್ತಿಲ್ಲ. ಆದರೂ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಕೊಟ್ಟು ಗೋಡೆಯಾದರು. ಅಂಥ ಗೋಡೆಯೊಳಗೆ ಗಾಳಿ ಹೇಗೆ ನುಗ್ಗೀತು? ಜ್ಯೋತಿ ಒಮ್ಮೆ ಬಿಕ್ಕಿ, ಮತ್ತೆ ಹಳದಿಯಾಗಿ ತಲೆಯೆತ್ತಿತು.

ಮೈದಾನ ಮುಟ್ಟುವಷ್ಟರಲ್ಲಿ ಹಿಂದೆ ಅರವತ್ತು ಜನರಿದ್ದರು. ನಿಂಬೆಹಣ್ಣು ಚಮಚದಲ್ಲಿಟ್ಟುಕೊಂಡು ನಿಂತ ಹಿರಿಯರನ್ನು ಕಂಡು ಡಪ್ಪಿನವರು, ಇದ್ಯಾವ ಸ್ಮಶಾನವಪ್ಪಾ ಎಂಬಂತೆ ಮುಖ ಮುಖ ನೋಡಿಕೊಂಡರು. ಸೂರ್ಯನಾರಾಯಣರು ತೆಲುಗಿನಲ್ಲಿ ಬಿಡಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದು ನಕ್ಕು, ಮದುವೆಯ ಬಡಿತ ಬಾರಿಸಿ ಹೋದರು. ಹಿಂದೆಯೇ ಗಂಗಾಬಾಯಿ ಆಟೋದಿಂದಿಳಿದಳು. ಕೈಯಲ್ಲಿ ದಪ್ಪನೆಯ ಸೇವಂತಿಗೆ ಮಾಲೆ.

"ಚೇತನಕುಮಾರ ತಂದಿದ್ದರು, ನನ್ನ ಫೋಟೋಕ್ಕ" ಎಂದಳು. "ಬಾಗಲಾ ತಗದ ಕೂಡಲೆ ಅವರು ಅಲ್ಲೇ ಕುಂತುಬಿಟ್ರು. ನೀರು ಕುಡಿಸಿ, ಉಪ್ಪಿಟ್ಟು ತಿನ್ನಿಸಿ ಕಳಿಸೀನಿ. ನಿಮ್ಮ ಪಾಲಿಂದು ಅವರೇ ತಿಂದ್ರು."

ನರಸಿಂಹ ಕೆಟ್ಟವನಲ್ಲ. ಎಲ್ಲರ ಮುಂದೆ ಗಡಿಗೆಯೊಳಗೆ ಇಣುಕಿ, "ಆರಿಲ್ಲ. ನಾ ಸಾಕ್ಷಿ. ಖೋಲಿ ಮೌನಪ್ಪೋರದು, ಇನ್ನ ಮ್ಯಾಲೆ ನಾ ಕೇಳಂಗಿಲ್ಲ" ಎಂದ. ಚಪ್ಪಾಳೆ ಬಿತ್ತು. ಅರವತ್ತಾರನೆಯ ವಯಸ್ಸಿನಲ್ಲಿ ಮೌನಪ್ಪನವರು ಮೊದಲ ಸಲ ಏನನ್ನೋ ಗೆದ್ದಿದ್ದರು.

ಸಂಜೆ ಐದಕ್ಕೆ ಆಟ ಮುಗಿಯಿತು. ಸೂರ್ಯನಾರಾಯಣರು ಕಾರ್ಯಕ್ರಮದ ಚೀಟಿ ಓದಿದರು: "ಕಡೀದು. ಒಲಿಂಪಿಕ್ ಪದ್ಧತಿ ಪ್ರಕಾರ ಜ್ಯೋತಿ ಆರಿಸೋದು."

ಎದ್ದು ಹೊರಟವರೆಲ್ಲ ತಿರುಗಿ ನಿಂತರು.

"ಏನಂದಿ ತಮ್ಮಾ?" ಎಂದರು ಯಮುನಾಬಾಯಿ.

"ಅಲ್ಲಿ ಹಂಗ ಮಾಡ್ತಾರ್ರಿ ಅಜ್ಜೀ. ನಾಲ್ಕು ವರ್ಷಕ್ಕ ಮತ್ತ ಸೂರ್ಯನಿಂದ ತಗೋತಾರ. ಹೌದಲ್ರೀ, ಮೌನಪ್ಪೋರೇ?"

"ಹೌದ್ರಿ" ಎಂದರು ಮೌನಪ್ಪನವರು. ಇತಿಹಾಸ ಹಾಗೇ ಇತ್ತು. ಪುರಾಣ ಹೇಳುವ ಉಮೇದಿನಲ್ಲಿ ಆ ಕೊನೆಯ ಅಧ್ಯಾಯ ಸಭೆಗೆ ಹೇಳುವುದೇ ಮರೆತುಹೋಗಿತ್ತು.

"ಅವರು ಏನರ ಮಾಡಿಕೊಳ್ಳಲಿ. ಹನುಮಪ್ಪನ ದೀಪ ಕೈಯಾರೆ ಯಾರು ಶಾಂತ ಮಾಡ್ತೀರಿ, ಮುಂದ ಬರ್ರಿ ನೋಡೋಣು" ಎಂದರು ಯಮುನಾಬಾಯಿ.

ಯಾರೂ ಬರಲಿಲ್ಲ. ಎಣ್ಣೆ ತೀರಲು ಬಿಡೋಣ ಎಂದ ಒಬ್ಬನಿಗೆ ಯಮುನಾಬಾಯಿ, "ಕಂಡೂ ಎಣ್ಣಿ ಹಾಕದಿದ್ರ ಕೈಯಾರೆ ಮಾಡಿದಂಗ ಅಲ್ಲೇನು?" ಎಂದರು. ಹಾಗಾದರೆ ಗುಡಿಗೇ ಮರಳಿಸೋಣವೆಂದು ಸೂರ್ಯನಾರಾಯಣರು ಅರ್ಚಕರಿಗೆ ಫೋನ್ ಹಚ್ಚಿದರು.

"ಬ್ಯಾಡ್ರಿ" ಎಂದರು ಅರ್ಚಕರು. "ಬೀದಿ ತುಂಬ ಮಂದಿ ಕೊಳ್ಳಿ ಬೆಂಕಿ ಅಂತ ಕೈಮುಗದಾರ. ಡಪ್ಪು ಬಡದಾರ, ಮಂಡಕ್ಕಿ ಚೆಲ್ಯಾರ. ಗರ್ಭಗುಡಿಯೊಳಗ ಹೆಂಗ ತರ್ಲಿ?"

ಅದೇ ಕಾರಣಕ್ಕೆ ಯಾರ ಮನೆಗೂ ಒಯ್ಯುವಂತಿರಲಿಲ್ಲ. ಒಬ್ಬರ ಮನೆಯಲ್ಲಿ ಬಾಣಂತಿ, ಒಬ್ಬರಲ್ಲಿ ಮದುವೆ ಮಾತುಕತೆ. ಗಂಗಾಬಾಯಿಯಂತೂ, "ಇವತ್ತು ಒಮ್ಮೆ ಸತ್ತೀನಿ, ಸಾಕು" ಎಂದಳು. ಹನುಮಪ್ಪನ ದೀಪವೆಂದು ಆರಿಸುವಂತಿಲ್ಲ, ಮಸಣದ ಬೆಂಕಿಯೆಂದು ಒಳಗೆ ಬಿಡುವಂತಿಲ್ಲ. ಗಡಿಗೆ ಮೈದಾನದ ನಡುವೆ ಸಣ್ಣಗೆ ಉರಿಯುತ್ತಿತ್ತು.

"ಯಾರ ಮನಿನೂ ಅಲ್ಲದ್ದು, ಗುಡಿನೂ ಅಲ್ಲದ್ದು ಒಂದು ಜಾಗ ಐತ್ರಿ" ಎಂದ ನರಸಿಂಹ. ದನಿಯಲ್ಲಿ ಕುಹಕವಿರಲಿಲ್ಲ, ಮರುಕವೇ ಇತ್ತು. "ನಾ ಕೇಳಾಕತ್ತಿಲ್ಲ ಮತ್ತ. ಸುಮ್ನ ಹೇಳಿದೆ."

ಕತ್ತಲಾಗುವ ಮೊದಲೇ ಎಲ್ಲ ನಡೆದುಹೋಯಿತು. ಬೆಂಕಿಯ ಬಳಿ ಕಾಗದ ಬೇಡವೆಂದು ಓದುವ ಖೋಲಿಯ ಮುನ್ನೂರು ಪುಸ್ತಕ ಸೂರ್ಯನಾರಾಯಣರ ಅಟ್ಟ ಸೇರಿದವು. ಗಾಳಿ ಬೇಡವೆಂದು ಕಿಟಕಿ ಮುಚ್ಚಿ, ಫ್ಯಾನಿನ ಗುಂಡಿಗೆ ಟೇಪು ಅಂಟಿಸಿದರು. ಮೇಜಿನ ಮೇಲೆ ಗಡಿಗೆ ಕೂತಿತು. ಎಣ್ಣೆ ಹಾಕಲು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಲ್ಲರೂ ಒಂದೇ ಕಡೆ ನೋಡಿದರು.

ಮೌನಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ತಗಡಿನ ಕಾವಿಗೆ ಬೆವರು ಕತ್ತಿನಿಂದ ಧಾರೆಯಾಗಿ ಇಳಿಯುತ್ತಿತ್ತು. ಆದರೂ ಜ್ಯೋತಿ ಚೆಂದ ಕಾಣುತ್ತಿತ್ತು. ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ, ಅಟ್ಟಕ್ಕೆ ಹೋಗದೆ ಉಳಿದಿದ್ದ, ಆ ದಿನ ಬಂದ ಪತ್ರಿಕೆಯನ್ನು ತೆಗೆದು, ದೀಪದ ಬೆಳಕಿಗೆ ಹಿಡಿದು ಓದತೊಡಗಿದರು. ಇದಾದರೂ ಉಳಿಯಿತಲ್ಲ ಎಂದು ಮನಸ್ಸು ತಣ್ಣಗಾಯಿತು. ಮೊದಲ ಪುಟ ಮುಗಿಯಿತು. ಹಾಳೆ ತಿರುವಿದರು.

ಜ್ಯೋತಿ ಬಳುಕಿ, ನೀಲಿಯಾಗಿ, ಮತ್ತೆ ಎದ್ದಿತು.

ಬಾಗಿಲ ಸಂದಿಯಿಂದ ಯಮುನಾಬಾಯಿಯ ದನಿ ಬಂತು: "ಹಾಳಿ ತಿರುವಬ್ಯಾಡೋ ತಮ್ಮಾ. ಗಾಳಿ ಬಡೀತೈತಿ."