ಮಂಡಕ್ಕಿ ಭಾರಕ್ಕೆ ಕೂತ ಇಂಜಿನ್ನು

ಅರ್ಥವಾಗದಿದ್ದರೂ ತಲೆ ಆಡಿಸುವ ಜಾಗಗಳು ಎಲ್ಲರ ಬಾಳಿನಲ್ಲೂ ಕೆಲವು ಇರುತ್ತವೆ. ಭಟ್ಟರು ಮಂತ್ರ ಹೇಳುವಾಗ, ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ತೋರಿಸುವಾಗ, ಮತ್ತೆ ಗ್ಯಾರೇಜಿನವನು ಗಾಡಿಯ ಹೊಟ್ಟೆ ಬಿಚ್ಚಿ ಕರಿ ಬೆರಳಿನಿಂದ "ನೋಡಿ ಇಲ್ಲಿ" ಎನ್ನುವಾಗ. ಮೊದಲಿನ ಎರಡು ಕಡೆ ತಲೆ ಆಡಿಸಿ ನನಗೇನೂ ನಷ್ಟವಾಗಿಲ್ಲ. ಮಂತ್ರ ದೇವರಿಗೆ ತಿಳಿದರೆ ಸಾಕು. ಎಕ್ಸರೇಯಲ್ಲಿ ಇದ್ದದ್ದು ನನ್ನದೇ ಮೊಣಕಾಲು, ಅದು ನೋಯುತ್ತದೆ ಎಂದು ಡಾಕ್ಟರಿಗೆ ಹೇಳಿದವಳೇ ನಾನು. ಮೂರನೆಯ ಕಡೆ ತಲೆ ಆಡಿಸಿದ್ದಕ್ಕೆ ಮಾತ್ರ ಒಂದು ಮಳೆಗಾಲ ಪೂರ್ತಿ ಹೊಗೆ ಕುಡಿದೆ.

ನಮ್ಮದು ಬನವಾಸಿ ಕಡೆ. ಮನೆಯ ಹಿಂದೆ ಮಂಡಕ್ಕಿ ಭಟ್ಟಿ ಇದೆ. ಮಗ ಮರಳು ಕಾಯಿಸಿ ಹುರಿಯುತ್ತಾನೆ. ಸೊಸೆ ಗಿರಿಜಾ ಮೂರು ಗಾಲಿಯ ಗೂಡ್ಸ್ ಗಾಡಿಯಲ್ಲಿ ಚೀಲ ಹೇರಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂತೆಗಳಿಗೆ ಒಯ್ಯುತ್ತಾಳೆ. ನಾನು ಅವಳ ಪಕ್ಕ ಒತ್ತಿಕೊಂಡು ಕೂತು ಹೋಗಿ ಸೇರಿನಲ್ಲಿ ಅಳೆದು ಮಾರುತ್ತೇನೆ. ದಾರಿಯಲ್ಲಿ ಪೊಲೀಸರು ಕಂಡರೆ ನಾನೂ ಒಂದು ಚೀಲದ ಹಾಗೆ ಸುಮ್ಮನಿರುತ್ತೇನೆ. "ಗಂಡಸು ಒಲಿ ಮುಂದ, ಹೆಂಗಸು ಹ್ಯಾಂಡಲ್ ಮುಂದ, ಇದೆಂಥಾ ಮನಿ ಬೇ ನಿಮ್ದು?" ಎಂದು ನನ್ನ ನೆಗೆಣ್ಣಿ ಒಮ್ಮೆ ಕೇಳಿದ್ದಳು. ಮಗ ಹ್ಯಾಂಡಲ್ ಹಿಡಿದ ಮೊದಲ ದಿನವೇ ಗಾಡಿ ನೆಟ್ಟಗೆ ಹೋಗಿ ಪಂಚಾಯ್ತಿಯ ನೀರಿನ ಟಾಕಿಯನ್ನು ಮಾತಾಡಿಸಿ ಬಂದಿತ್ತು. ಗಿರಿಜಾ ಇಂದಿನವರೆಗೆ ಒಂದು ಕೋಳಿಗೂ ಗಾಡಿ ತಾಗಿಸಿಲ್ಲ. ಇಂಥಾ ಮನೆ ನಮ್ಮದು.

ಗಾಡಿ ಹಳೆಯದು. ಒಂದು ದಿನ ಸಿದ್ದಾಪುರದಿಂದ ಬರುವಾಗ ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಶಿರಸಿಯ ಗಜಾನನನ ಗ್ಯಾರೇಜಿಗೆ ಎಳೆಸಿಕೊಂಡು ಬಂದೆವು. ಗಜಾನನ ಮಾತಿನಲ್ಲಿ ಬೆಣ್ಣೆ. ಗಾಡಿಯ ಕೆಳಗೆ ಮಲಗಿ ಎದ್ದು ಬಂದು, "ಅಮ್ಮಾ, ಈ ಇಂಜಿನ್ನಿನ ಕಥೆ ಮುಗೀತು. ಬೇರೆ ಕೂರ್ಸುದೇ ಸೈ. ನಾ ತರಿಸಿಕೊಡ್ತೆ, ಹೊಸದೇ ಅಂತ ತಿಳ್ಕಳಿ" ಅಂದ. ಹೊಸದಾಗಿದ್ದರೆ ಹೊಸದು ಎನ್ನುತ್ತಿದ್ದ, 'ತಿಳ್ಕಳಿ' ಯಾಕೆ ಎನ್ನುತ್ತಿದ್ದ? ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಆಗ ನಾನು ತಲೆ ಆಡಿಸಿದೆ. ನನ್ನ ತಲೆಗೆ ಹೌದು ಎನ್ನುವುದು ಬಹಳ ಸಲೀಸು, ಕೊಬ್ಬರಿ ಎಣ್ಣೆ ಚೆನ್ನಾಗಿ ಹಾಕಿದ್ದರಿಂದ ಇರಬೇಕು.

ಹೊಸದೆಂದು ತಿಳಿದುಕೊಂಡ ಆ ಇಂಜಿನ್ನು ಒಂದೆರಡು ಸಂತೆ ಓಡಿತು. ಆಮೇಲೆ ಹಿಂದಿನಿಂದ ಹೊಗೆ ಶುರುವಾಯಿತು. ನಮ್ಮ ಭಟ್ಟಿಯ ಒಲೆಗಿಂತ ಹೆಚ್ಚು ಹೊಗೆ. ಹಿಂದೆ ಬರುವ ಬೈಕಿನವರು ಬೈಯುತ್ತ ದಾಟಿ ಹೋಗುತ್ತಿದ್ದರು. ಆಯಿಲ್ ಹಾಕಿದಷ್ಟೂ ಕುಡಿಯುತ್ತಿತ್ತು. ಕೇಳಿದರೆ ಗಜಾನನ, "ಹೊಸ ಇಂಜಿನ್ ಅಲ್ದ ಅಮ್ಮಾ, ಮೈ ಬಿಡೂಕೆ ಸ್ವಲ್ಪ ದಿನ ಬೇಕಾಗ್ತದೆ" ಅಂದ. ಮೈ ಬಿಡುವ ಬದಲು ಅದು ಪ್ರಾಣವನ್ನೇ ಬಿಟ್ಟಿತು, ಅದೂ ಭೈರುಂಬೆ ದಾಟಿದ ಮೇಲೆ, ಯಲ್ಲಾಪುರ ದಾರಿಯ ಕಾಡಿನಲ್ಲಿ, ಜಿಟಿಜಿಟಿ ಮಳೆಯಲ್ಲಿ. ಮಂಡಕ್ಕಿಗೆ ತಂಪು ಹೊಡೆದರೆ ಮುಗಿಯಿತು, ಬಾಯಲ್ಲಿಟ್ಟರೆ ಹತ್ತಿಯ ಹಾಗೆ. ಅವತ್ತಿನ ಚೀಲಗಳೆಲ್ಲ ದನಗಳ ಪಾಲಾದವು. ದನಗಳೂ ಮೂಸಿ ನೋಡಿ ನನ್ನ ಮುಖ ನೋಡಿದವು.

ಮತ್ತೆ ಗ್ಯಾರೇಜಿಗೆ ಎಳೆಸಿದೆವು. ಜಗಳ ಶುರುವಾದದ್ದು ಅಲ್ಲಿಂದ. ಮೊದಲು ಆಯಿಲ್ ಸರಿಯಿಲ್ಲ ಅಂದ. ಆಯಿಲ್ ಕೊಟ್ಟವನು ಅವನೇ. ಆಮೇಲೆ, "ನೀವು ಭಾರ ಜಾಸ್ತಿ ಹೇರ್ತ್ರಿ ಅಮ್ಮಾ, ಇಂಜಿನ್ ಕೂತು ಹೋಗದೆ ಎಂತ ಮಾಡ್ತದೆ?" ಅಂದ.

"ಏನ್ ಹೇರ್ತೀವೋ ತಮ್ಮಾ? ಮಂಡಕ್ಕಿ! ಜೋರಾಗಿ ಸೀನಿದ್ರ ಹಾರಿ ಹೋಗ್ತಾವು. ಮಂಡಕ್ಕಿ ಭಾರಕ್ಕ ಕೂಡು ಇಂಜಿನ್ನ ಎಲ್ಲಿಂದ ಹುಡುಕಿ ತಂದ್ಯೋ?" ಎಂದೆ.

ಅಲ್ಲಿದ್ದವರು ನಕ್ಕರು. ನಗಿಸಿದ್ದೇ ತಪ್ಪಾಯಿತು. ಗಜಾನನನಿಗೆ ಸಿಟ್ಟು ಬಂತು. "ಹೆಂಗಸರ ಕೈಲಿ ಗಾಡಿ ಕೊಟ್ರೆ ಹಿಂಗೇ ಆಗುದು. ಗೇರ್ ಹಾಕೂಕೆ ಬರೂದಿಲ್ಲ, ಇಂಜಿನ್ ಸುಟ್ಟು ನನ್ನ ಮೇಲೆ ಹೇಳ್ತ್ರಿ" ಅಂದುಬಿಟ್ಟ. ಗಿರಿಜಾ ಪಕ್ಕದಲ್ಲೇ ನಿಂತಿದ್ದಳು. ಗಾಡಿಯಲ್ಲಿದ್ದ ತನ್ನ ಊಟದ ಡಬ್ಬಿ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಆ ಮಾತು ನಮಗಿಂತ ಮೊದಲು ಬಸ್ಸು ಹತ್ತಿ ಊರು ಸೇರಿತ್ತು. ಸಂತೆಗೆ ಬೆಲ್ಲ ಒಯ್ಯುವವನು, ಬೆಳ್ಳುಳ್ಳಿ ಒಯ್ಯುವವಳು, ಎಲ್ಲರೂ ನಮ್ಮ ಗಾಡಿಯಲ್ಲೇ ಚೀಲ ಹಾಕುತ್ತಿದ್ದರು. ಈಗ ಗಾಡಿ ರಿಪೇರಿಯಾದರೂ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಅಂದರು. ಗಿರಿಜಾಳ ಕೈಗೆ ಇಂಜಿನ್ನು ಬದುಕುವುದಿಲ್ಲವಂತೆ. ಅವಳು ಒಂದು ಬೆಳಿಗ್ಗೆ ಚಹಾ ಮುಂದಿಟ್ಟುಕೊಂಡು, "ಅತ್ತಿ, ಗಾಡಿ ಗುಜರಿಗೆ ಹಾಕಿಬಿಡೂಣ್ರಿ. ನಾನೂ ಇನ್ನ ಭಟ್ಟಿ ಮುಂದ ಕುಂದರ್ತೀನಿ" ಅಂದಳು. ಕಣ್ಣಲ್ಲಿ ನೀರು. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. "ಚಾ ಆರಾಕತ್ತೇತಿ, ಮೊದಲ ಕುಡಿ" ಅಂದೆ. ಗಾಡಿ ಹೋದರೆ ಇನ್ನೊಂದು ಹೇಗಾದರೂ ಬಂದೀತು, ಗಾಡಿ ಬಿಡಲು ಬರುವುದಿಲ್ಲ ಎಂಬ ಹೆಸರು ಬಂದರೆ ಈ ಹುಡುಗಿ ಮತ್ತೆ ಹ್ಯಾಂಡಲ್ ಮುಟ್ಟುವವಳಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಆಯುಧಪೂಜೆ ಎಂದರೆ ಮಂಡಕ್ಕಿ ಮಾರುವವರಿಗೆ ಸುಗ್ಗಿ. ಗ್ಯಾರೇಜು, ಗಿರಣಿ, ಅಂಗಡಿ, ಎಲ್ಲಾ ಕಡೆ ಪೂಜೆಯಾದ ಮೇಲೆ ಬಂದವರಿಗೆ ಮಂಡಕ್ಕಿ ಹಂಚಬೇಕು. ಪ್ರತಿ ವರ್ಷ ಗಜಾನನನ ಗ್ಯಾರೇಜಿಗೂ ನಮ್ಮದೇ ಮಂಡಕ್ಕಿ. ಈ ವರ್ಷವೂ ಫೋನು ಬಂತು, ಏನೂ ಆಗೇ ಇಲ್ಲವೆಂಬಂತೆ. "ಅಮ್ಮಾ, ಯಾವಾಗಿನ ಹಾಂಗೆ ಕಳ್ಸಿ ಆಯ್ತಾ?" ಗಿರಿಜಾ ಬೇಡವೇ ಬೇಡ ಅಂದಳು. ನಾನು ಅವಳನ್ನೂ ಚೀಲಗಳನ್ನೂ ಬಸ್ಸಿಗೆ ಹತ್ತಿಸಿದೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಸರಿ. ಮಂಡಕ್ಕಿ ಚೀಲ ಹೆಂಗಸೋ ಗಂಡಸೋ ಎಂದು ಕಂಡಕ್ಟರನ ಜೊತೆ ಶಿರಸಿಯವರೆಗೂ ವಾದವಾಯಿತು. ಕೊನೆಗೆ ಅವನು ಗಂಡಸು ಎಂದೇ ತೀರ್ಮಾನಿಸಿ ಚೀಟಿ ಹರಿದ.

ಗ್ಯಾರೇಜಿನ ಅಂಗಳ ತುಂಬ ಗಾಡಿಗಳು. ಲಾರಿ, ಕಾರು, ಬೈಕು, ಎಲ್ಲವಕ್ಕೂ ಚೆಂಡುಹೂವಿನ ಹಾರ, ಬಾಳೆಕಂದು. ಗಿರಾಕಿಗಳೆಲ್ಲ ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಮೂಲೆಯಲ್ಲಿ, ಅವತ್ತು ಬಿಟ್ಟುಬಂದ ನಮ್ಮ ಗಾಡಿಯೂ ನಿಂತಿತ್ತು. ಗಜಾನನ ಜಗಳಗಂಟನಾದರೂ ದೈವಭಕ್ತ. ಅಂಗಳದಲ್ಲಿರುವ ಗಾಡಿಯನ್ನು ಬರಿದೇ ಬಿಡಬಾರದು ಎಂದು ಅದಕ್ಕೂ ಹಾರ ಹಾಕಿ, ಕುಂಕುಮ ಹಚ್ಚಿ, ಗಾಲಿಗಳ ಮುಂದೆ ನಿಂಬೆಹಣ್ಣು ಇಡಿಸಿದ್ದ. ಅವನು ಮಾಡಿಕೊಂಡ ಎಡವಟ್ಟು ಅದೇ. ಭಟ್ಟರು ಆರತಿ ಎತ್ತಿದರು. ಒಂದೊಂದೇ ಗಾಡಿ ಚಾಲೂ ಆಗಿ ನಿಂಬೆಹಣ್ಣು ಚಪ್ಪಟೆ ಮಾಡಿ ಮುಂದೆ ಹೋಯಿತು. ನಮ್ಮದೊಂದು ಉಳಿಯಿತು.

"ಇದೆಂತದೋ ಗಜಾನನ, ಪೂಜೆ ಆದ ಗಾಡಿ ಹಾಂಗೇ ಬಿಡಲೆ ಆಗ್ತಿಲ್ಲೆ. ನಿಂಬೆಹಣ್ಣು ಒಡೆಸು" ಅಂದರು ಭಟ್ಟರು.

ಗಜಾನನ ಹಲ್ಲು ಕಿರಿದು ಕೆಲಸದವರಿಗೆ, "ಸ್ವಲ್ಪ ತಳ್ರೋ" ಅಂದ. ನಾನು ಮಂಡಕ್ಕಿ ಚೀಲವನ್ನು ಗಾಡಿಯ ಮುಂದೆ ಇಟ್ಟು ಅದರ ಮೇಲೆ ಕೂತೆ.

"ತಳ್ಳಿ ಓಡಿಸೂದಾದ್ರ ಇಂಜಿನ್ ಯಾಕ ಹಾಕಿದ್ಯೋ ತಮ್ಮಾ? ನನ್ನ ಸೊಸಿಗೆ ಬಿಡಾಕ ಬರೂದಿಲ್ಲ ಅಂದಿ. ಆತು. ಇವತ್ತ ನೀನ ಬಿಡು. ಕಲ್ತವ ನೀನು. ನಾವೆಲ್ಲಾರೂ ನೋಡ್ತೀವಿ."

"ಅಮ್ಮಾ, ಹಬ್ಬದ ದಿನ ಎಂತಕ್ಕೆ ಇದೆಲ್ಲಾ..."

"ಹಬ್ಬ ಅಂತನ ಕೇಳಾಕತ್ತೀನಿ. ಹತ್ತು."

ಭಟ್ಟರೂ ಹತ್ತು ಅಂದರು. ಅವರಿಗೆ ಮುಂದಿನ ಗಿರಣಿಗೆ ಹೊತ್ತಾಗುತ್ತಿತ್ತು. ಬೇರೆ ದಾರಿಯಿಲ್ಲದೆ ಗಜಾನನ ಬಿಳೀ ಪಂಚೆ ಎತ್ತಿಕಟ್ಟಿ ಹತ್ತಿದ. ನಾನು ಚೀಲ ಸರಿಸಿಕೊಂಡೆ. ಗಾಡಿ ಬಹಳ ಹೊತ್ತು ಕೊಸರಾಡಿ ಒಮ್ಮೆ ಚಾಲೂ ಆಯಿತು. ಆದದ್ದೇ ತಡ, ಎಂಥಾ ಹೊಗೆ! ಆರತಿಯ ದೀಪ ಕಾಣಲಿಲ್ಲ, ಭಟ್ಟರು ಕಾಣಲಿಲ್ಲ. ಭಟ್ಟರ ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಗಾಡಿ ಮುಂದಕ್ಕೆ ಒಂದು ಗೇಣು ಬಂದು ನಿಂಬೆಹಣ್ಣನ್ನು ಮುಟ್ಟಿ, ನಡುಗಿ, ನಿಂತುಹೋಯಿತು. ಹೊಗೆ ಕರಗಿದಾಗ ಗಜಾನನನ ಪಂಚೆ ಬೂದಿ ಬಣ್ಣಕ್ಕೆ ತಿರುಗಿತ್ತು. ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಮೇಲೆ ಯಲ್ಲಾಪುರದ ಒಬ್ಬ ಲಾರಿ ಮಾಲೀಕ ಮೆಲ್ಲಗೆ, "ಗಜಣ್ಣ, ನನ್ನ ಲಾರಿಗೆ ಹೋದ ತಿಂಗಳು ಕೂರಿಸಿದ್ದು ಎಂತಾ ಇಂಜಿನ್ನು ಮಾರಾಯಾ?" ಎಂದು ಕೇಳಿದ. ಪಕ್ಕದ ಕಾರಿನವನೂ ತನ್ನ ಬಾನೆಟ್ಟು ಎತ್ತಿ ನೋಡತೊಡಗಿದ. ಗಜಾನನ ಗಾಡಿಯಿಂದ ಇಳಿದು ನೇರ ಗಿರಿಜಾಳ ಮುಂದೆ ಹೋಗಿ ನಿಂತ. "ತಂಗೀ, ನಿನ್ನ ಡ್ರೈವಿಂಗ್‌ದು ತಪ್ಪಲ್ಲ. ಇಂಜಿನ್ನೇ ಸರಿ ಇಲ್ಲ. ಕಂಪನಿದೇ ತರಿಸಿ ಕೂರ್ಸಿಕೊಡ್ತೆ" ಅಂದ, ಎಲ್ಲರಿಗೂ ಕೇಳುವ ಹಾಗೆ. ಗಿರಿಜಾ ಹೂಂ ಅಂದಳು. ಆಮೇಲೆ ಚೀಲದ ಬಾಯಿ ಬಿಚ್ಚಿ ಅವನ ಕೈಗೇ ಮೊದಲ ಬೊಗಸೆ ಮಂಡಕ್ಕಿ ಹಾಕಿದಳು. ನನಗಿಂತ ದೊಡ್ಡ ಮನಸ್ಸು ಅವಳದು. ನಾನಾಗಿದ್ದರೆ ನಿಂಬೆಹಣ್ಣು ಹಾಕುತ್ತಿದ್ದೆ.

ದೀಪಾವಳಿಗೆ ಮೊದಲೇ ಹೊಸ ಇಂಜಿನ್ನು ಬಂತು. ಪೆಟ್ಟಿಗೆ ನನ್ನ ಎದುರಿಗೇ ಒಡೆಯಬೇಕು ಎಂದು ಹೋಗಿ ಕೂತಿದ್ದೆ. ಒಡೆದರು. ನನಗೇನೂ ಅರ್ಥವಾಗಲಿಲ್ಲ, ಆದರೆ ಈ ಸಲ ತಲೆ ಆಡಿಸಲಿಲ್ಲ. ಬೆಲ್ಲದವನೂ ಬೆಳ್ಳುಳ್ಳಿಯವಳೂ ಚೀಲ ಹೊತ್ತು ತಾವಾಗಿ ಬಂದರು. ಗಿರಿಜಾ ಹೇರಿಸಿಕೊಂಡಳು. ಮೊದಲ ಸವಾರಿ ಯಲ್ಲಾಪುರ ಸಂತೆಗೆ. ಆ ಕೆಟ್ಟ ಇಂಜಿನ್ನಿನ ಕಾಲದಲ್ಲಿ ದಾರಿಯುದ್ದಕ್ಕೂ ಅದರ ಸದ್ದಿಗೆ ಕಿವಿ ಕೊಟ್ಟು ರೆಪ್ಪೆ ಮುಚ್ಚದೆ ಕೂರುತ್ತಿದ್ದೆ. ಈ ಸಲ ಗಾಡಿ ಹಾಲು ಹರಿದ ಹಾಗೆ ಹೋಗುತ್ತಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ನನಗೆ ಕಣ್ಣು ಹತ್ತಿತು. ಮುಂದಿನದು ಗಿರಿಜಾ ಹೇಳಿ ತಿಳಿದದ್ದು. ಭೈರುಂಬೆ ದಾಟಿದ ಮೇಲೆ ಗರಗರ ಎಂದು ಸದ್ದು ಶುರುವಾಯಿತಂತೆ. ಅವಳ ಜೀವ ಹಾರಿತು. ನಿಲ್ಲಿಸಿ ಬಂದ್ ಮಾಡಿದರೆ ನಾನು ಅರೆಗಣ್ಣು ಬಿಟ್ಟು "ಯಲ್ಲಾಪುರ ಬಂತೇನು?" ಎನ್ನುತ್ತಿದ್ದೆನಂತೆ, ಸದ್ದೂ ಇರುತ್ತಿರಲಿಲ್ಲವಂತೆ. ಚಾಲೂ ಮಾಡಿ ಸ್ವಲ್ಪ ದೂರ ಹೋದರೆ ಮತ್ತೆ ಗರಗರ. ಕೊನೆಗೆ ಅವಳು ಇಂಜಿನ್ನು ಬಂದ್ ಮಾಡದೆ, ಗಜಾನನನಿಗೆ ಫೋನು ಹಚ್ಚಿ, ಸೀಟಿನ ಹತ್ತಿರ ಹಿಡಿದು ಕೇಳಿಸಿದಳು. ಅವನು ಗಾಬರಿಯಾಗಿ, "ಅಯ್ಯೋ ತಂಗೀ, ಇದು ನನ್ನ ಇಂಜಿನ್ ಅಲ್ಲ! ಹಳೇ ಮಾಲು, ಬೇರಿಂಗ್ ಪೂರ್ತಿ ಸವೆದು ಹೋಗಿದೆ!" ಎಂದು ಕೂಗಿದ. ಆ ಕೂಗಿಗೆ ನನಗೆ ಎಚ್ಚರವಾಯಿತು. ಸದ್ದು ಥಟ್ಟನೆ ನಿಂತಿತು.

"ಈಗ ನಿಂತಿತಲ, ಎಂತ ಮಾಡಿದೆ?" ಎಂದ ಫೋನಿನಿಂದ.

"ಏನಿಲ್ರಿ, ಅತ್ತಿ ಎದ್ರು" ಅಂದಳು ಗಿರಿಜಾ.

ನಮ್ಮ ಜೊತೆಗಿನ ಇಷ್ಟೆಲ್ಲಾ ವ್ಯವಹಾರದಲ್ಲಿ ಗಜಾನನ ಸದ್ದು ಕೇಳಿ ಸರಿಯಾಗಿ ಹೇಳಿದ್ದು ಅದೊಂದೇ.