ಬೆಳಿಗ್ಗೆ ಹನ್ನೊಂದರ ಮುಸ್ಸಂಜೆ

ಮುಸ್ಸಂಜೆಯು ಕಚೇರಿ ಮುಚ್ಚಿದ ಮೇಲೆ ಆಗುತ್ತಿದ್ದು, ಇದರಿಂದ ಪ್ರವಾಸಿಗರಿಗೂ ಸಿಬ್ಬಂದಿಗೂ ಅನನುಕೂಲವಾಗುತ್ತಿರುವುದನ್ನು ಮನಗಂಡ ಪುರಾತನ ನಗರ ವೀಕ್ಷಣಾ ಕಚೇರಿಯು, ಸದರಿ ಮುಸ್ಸಂಜೆಯನ್ನು ಬೆಳಿಗ್ಗೆ ಹನ್ನೊಂದು ಗಂಟೆಗೆ ಬದಲಾಯಿಸಿದೆ.

ಈ ಬೋರ್ಡು ಓದಿ ಫೋಟೋಗ್ರಾಫರ್ ಕಣ್ಣುಜ್ಜಿಕೊಂಡ. ಮುನಿಸಿಕೊಂಡ ಬೀಗರನ್ನೂ ಹಲ್ಲು ಕಾಣುವಂತೆ ನಗಿಸಿ ಫೋಟೋ ಹೊಡೆದ ಆಸಾಮಿ ಅವನು; ಇಂಥದ್ದು ಮಾತ್ರ ನೋಡಿರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಅಮ್ಮನನ್ನು ಕರೆತಂದಿದ್ದೇ ಒಂದು ಫೋಟೋಗೆ. ಎದುರು ಗುಡ್ಡಕ್ಕೆ ಅಂಟಿಕೊಂಡ ಆ ಹಳೇ ಊರಲ್ಲಿ ಅಮ್ಮನ ತವರುಮನೆಯಿತ್ತು. ಅವಳ ತಮ್ಮ ಈಗಲೂ ಸಂಜೆಯಾದರೆ ಅಲ್ಲಿ ಕಿಟಕಿಗೆ ದೀಪ ಇಡುತ್ತಿದ್ದ. ಅಮ್ಮನ ಕಣ್ಣು ಮಂಜಾಗುತ್ತಿತ್ತು. ಕಣ್ಣು ಪೂರ್ತಿ ಹೋಗುವ ಮೊದಲು ಆ ದೀಪ ನೋಡಬೇಕು, ಅಷ್ಟೇ ಅವಳ ಆಸೆ.

"ಸಾರ್, ನಿಜವಾದ ಸಂಜೆಗೇ ತೆಗೀತೀನಿ ಬಿಡಿ," ಅಂದ.

"ಅದು ಅನಧಿಕೃತ ಸಂಜೆ ಕಣ್ರೀ," ಅಂದರು ಕಚೇರಿಯ ಸಾಹೇಬರು. "ದಿನಾ ಒಂದೊಂದು ಬಣ್ಣ. ಮೋಡ ಬಂದ್ರೆ ಅದೂ ಇಲ್ಲ. ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?"

ಹನ್ನೊಂದಕ್ಕೆ ಗಂಟೆ ಹೊಡೆಯಿತು. ಗುಡ್ಡಕ್ಕೆ ಅಡ್ಡಲಾಗಿ ದೊಡ್ಡ ಪರದೆ ಇಳಿಯಿತು. ಅದರ ಮೇಲೆ ಅದೇ ಊರು, ಕಿತ್ತಳೆ ಆಕಾಶ, ಕಿಟಕಿಗಳಲ್ಲಿ ದೀಪ. ಪ್ರವಾಸಿಗರು "ಆಹಾ!" ಅಂದರು. ಆಹಾ ಅನ್ನುವುದು ಕಡ್ಡಾಯವಾಗಿತ್ತು.

ಅಮ್ಮ ಮೂಗು ತಾಗುವಷ್ಟು ಹತ್ತಿರ ಹೋದಳು. "ಎಲ್ಲಾ ಇದೆ ಕಣೋ. ನಮ್ಮ ಮನೆ ಎಲ್ಲಿ?"

ಇರಲಿಲ್ಲ. ಪರದೆ ಬರೆದ ಕಲಾವಿದ ಸಾಹೇಬರ ಹಿಂದೆ ಕೂತು ಬರೆದಿದ್ದ. ಸಾಹೇಬರ ಕೊಡೆ ಮರೆಮಾಡಿದಷ್ಟು ಊರು ಪರದೆಗೆ ಬಂದಿರಲಿಲ್ಲ. ಕೊಡೆ ಸರಿಸಿ ಅನ್ನೋ ಧೈರ್ಯ ಯಾರಿಗಿತ್ತು?

ಫೋಟೋಗ್ರಾಫರ್ ಪರದೆಯ ಅಂಚು ಎತ್ತಿ ತೋರಿಸಿದ. "ನೋಡಿ ಸಾರ್, ಗುಡ್ಡದಲ್ಲಿದೆ, ಪರದೆಯಲ್ಲಿಲ್ಲ!"

ಸಾಹೇಬರು ಇಣುಕಿದರು, ಬೆವರಿದರು. "ತಾಯಿ, ಸತ್ಯವಾಗ್ಲೂ ವ್ಯತ್ಯಾಸ ಇದೆ. ಗಮನಕ್ಕೆ ತಂದಿದ್ದು ಒಳ್ಳೇದಾಯ್ತು. ನಾಳೆ ಹನ್ನೊಂದಕ್ಕೆ ಬನ್ನಿ, ಸರಿಮಾಡಿಸ್ತೀನಿ."

ಅಮ್ಮ ಕೈ ಮುಗಿದಳು. ಅನಧಿಕೃತ ಸಂಜೆ ಕಣ್ಣಿಗೆ ಬಿದ್ದು ಗೊಂದಲವಾಗದಿರಲೆಂದು ಅವರಿಬ್ಬರನ್ನೂ ಕಚೇರಿಯ ಅತಿಥಿಗೃಹದೊಳಗಿಟ್ಟು, ಹೊರಗಿನಿಂದ ಚಿಲಕ ಹಾಕಲಾಯಿತು. ಗುಡ್ಡದ ಕಡೆಯಿಂದ ಧಡ್ ಧಡ್ ಸದ್ದು ಬರುತ್ತಿತ್ತು. "ಪಾಪ, ನಮಗೋಸ್ಕರ ಎಷ್ಟು ಕಷ್ಟ ಪಡ್ತಾರೆ," ಅಂದಳು ಅಮ್ಮ.

ಮರುದಿನ ಹನ್ನೊಂದಕ್ಕೆ ಇಳಿದ ಪರದೆ ಹಾಗೇ ಇತ್ತು, ಮನೆಯಿರಲಿಲ್ಲ. ಸಾಹೇಬರು ಅದನ್ನು ಮೇಲಕ್ಕೆತ್ತಿಸಿದರು. ಹಿಂದೆ ಗುಡ್ಡ. ತವರುಮನೆಯಿದ್ದ ಜಾಗದಲ್ಲಿ ನುಣ್ಣಗೆ ಮಣ್ಣು.

"ಈಗ ಎರಡೂ ಒಂದೇ," ಅಂದರು ಸಾಹೇಬರು. ಜನ ಚಪ್ಪಾಳೆ ತಟ್ಟಿದರು.

"ಮತ್ತೆ ನನ್ನ ತಮ್ಮ?"

"ಇಲ್ಲೇ ಇದ್ದೀನಕ್ಕ," ಅಂತ ಪಕ್ಕದಿಂದ ದನಿ ಬಂತು. ತಮ್ಮ ಹೊಸ ಸಮವಸ್ತ್ರದಲ್ಲಿ ಪರದೆಯ ಹಗ್ಗ ಹಿಡಿದು ನಿಂತಿದ್ದ. "ಮನೆ ಹೋಗಿದ್ದಕ್ಕೆ ಪರಿಹಾರ ಅಂತ ಕೆಲಸ ಕೊಟ್ರು. ಪರ್ಮನೆಂಟು!" ಅಂದವನೇ ಹಗ್ಗ ಬಿಟ್ಟ. ಮುಸ್ಸಂಜೆ ದೊಪ್ಪನೆ ಇಳಿಯಿತು.

ಅಮ್ಮ ಪರದೆಯನ್ನು ತಡವಿದಳು. "ಅಲ್ಲಿ ಮನೆ ಇತ್ತು ಅನ್ನೋದೇ ನನ್ನ ಭ್ರಮೆಯೇನೋ. ನನ್ನ ಕಣ್ಣೇ ಸರಿ ಇಲ್ಲವಲ್ಲ," ಅಂದಳು.

"ಹಾಗೇ ನಿಲ್ಲಮ್ಮ," ಅಂದ ಮಗ, ಕ್ಯಾಮೆರಾಕ್ಕೆ ಕಣ್ಣಿಟ್ಟು. "ಸ್ವಲ್ಪ ನಗು. ಬೆಳಕು ಚೆನ್ನಾಗಿದೆ."